ಹಳೆಯ ಜೀಪಿಗೆ ಸೀಟ್ ಬೆಲ್ಟ್: ಮೊದಲು ನೆಲದ ತಗಡು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯದವು. ಮಲೆನಾಡಿನ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಜೀಪುಗಳಿಗೆ ಬೆಲ್ಟ್ ಹಾಕಿಸಬೇಕೆಂಬ ಆಲೋಚನೆ ಮನೆಮನೆಯಲ್ಲಿ ಬಂದಿರುವುದು ನನಗೆ ತುಂಬಾ ಸಂತೋಷ ಕೊಟ್ಟಿದೆ. ಜೀಪುಗಳ ಬಾಡಿ ಕೆಲಸದಲ್ಲೇ ಬದುಕು ಕಳೆದವನು ನಾನು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಪುಟವನ್ನು ಪೂರ್ತಿ ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನನ್ನ ತಂದೆಯವರ ಕಾಲದ 1974ರ ಮಹೀಂದ್ರ ಸಿಜೆ3ಬಿ ಜೀಪು ನಮ್ಮ ತೋಟದಲ್ಲಿದೆ. ಮೂಲ ಪೆಟ್ರೋಲ್ ಎಂಜಿನ್, ಕ್ಯಾನ್ವಾಸ್ ಟಾಪ್, ಬಾಗಿಲುಗಳಿಲ್ಲ. ಪೇಟೆಗೆ ಹೋಗುವಾಗ ಸ್ವಲ್ಪ ದೂರ ಹೆದ್ದಾರಿಯಲ್ಲೇ ಸಾಗಬೇಕು. ಬೆಲ್ಟ್ ಹಾಕಿಸುವವರೆಗೆ ಅದರಲ್ಲಿ ಕೂರುವುದಿಲ್ಲ ಎಂದು ನನ್ನ ಹೆಂಡತಿ ಪಟ್ಟು ಹಿಡಿದಿದ್ದಾಳೆ. ಊರಿನ ವೆಲ್ಡರ್, “ಸೀಟಿನ ಕಾಲಿಗೆ ಎರಡು ಕೊಕ್ಕೆ ವೆಲ್ಡ್ ಮಾಡಿ ಬೆಲ್ಟ್ ಸಿಕ್ಕಿಸಿದರೆ ಆಯಿತು, ಒಂದು ಗಂಟೆಯ ಕೆಲಸ” ಎನ್ನುತ್ತಾನೆ. ಮಾಡಿಸಬಹುದೇ?
– ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ಖಂಡಿತ ಬೇಡ. ನಿಮ್ಮ ಮನೆಯವರ ಮಾತು ನೂರಕ್ಕೆ ನೂರು ಸರಿ, ವೆಲ್ಡರ್ ಹೇಳಿದ ದಾರಿ ಅಪಾಯದ್ದು.

ನಿಮ್ಮ ಜೀಪಿನ ಪಕ್ಕದ ಸೀಟನ್ನು ಒಮ್ಮೆ ಹಿಂದಿನಿಂದ ಎತ್ತಿ ನೋಡಿ. ಅದು ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಹಿಂದೆ ಕೂರುವವರು ಹತ್ತಲಿ ಎಂದೇ ಹಾಗೆ ಮಾಡಿದ್ದಾರೆ. ಕೀಲು ಇರುವುದು ಮುಂಗಾಲುಗಳಲ್ಲಿ ಮಾತ್ರ, ಹಿಂಗಾಲು ನೆಲದ ಮೇಲೆ ಸುಮ್ಮನೆ ಕುಳಿತಿರುತ್ತದೆ. ಅಂಥ ಸೀಟಿಗೆ ಬೆಲ್ಟ್ ಕಟ್ಟಿದರೆ, ಜೀಪು ಏನಕ್ಕಾದರೂ ಗುದ್ದಿದಾಗ ಸೀಟು, ಬೆಲ್ಟು, ಕುಳಿತವರು ಮೂವರೂ ಒಟ್ಟಿಗೆ ಡ್ಯಾಶ್‌ಬೋರ್ಡಿನ ತಗಡಿನ ಅಂಚಿಗೆ ಹೋಗಿ ಬಡಿಯುತ್ತಾರೆ.

ಎಷ್ಟು ಭಾರ ಬೀಳುತ್ತದೆ ಎಂಬ ಲೆಕ್ಕ ಕೇಳಿ. ಎಪ್ಪತ್ತು ಕಿಲೋ ತೂಗುವ ಮನುಷ್ಯ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಾನೆ, ಗುದ್ದಿದಾಗ ಅರ್ಧ ಮೀಟರ್ ದೂರದೊಳಗೆ ನಿಲ್ಲುತ್ತಾನೆ ಎಂದುಕೊಳ್ಳಿ. ಆಗ ಅವನನ್ನು ಹಿಡಿದಿಡಲು ಬೇಕಾಗುವ ಬಲ ಅವನ ತೂಕದ ಸುಮಾರು ಇಪ್ಪತ್ತು ಪಟ್ಟು, ಅಂದರೆ 1,400 ಕಿಲೋ. ಐವತ್ತು ಕಿಲೋ ಕಾಫಿ ಮೂಟೆಗಳು ಇಪ್ಪತ್ತೆಂಟನ್ನು ಆ ಎರಡು ಕೊಕ್ಕೆಗಳಿಗೆ ಒಮ್ಮೆಗೇ ತೂಗುಹಾಕಿದಂತೆ. ಈಗಿನ ಕಾರುಗಳ ಮೂತಿ ಮಡಿಸಿಕೊಂಡು ಪೆಟ್ಟನ್ನು ಸ್ವಲ್ಪ ನುಂಗುತ್ತದೆ. ನಮ್ಮ ಜೀಪಿನ ಚಾಸಿಸ್ ಬಗ್ಗುವುದೇ ಇಲ್ಲ, ಆದ್ದರಿಂದ ನಿಲ್ಲುವ ದೂರ ಇನ್ನೂ ಕಡಿಮೆ, ಪೆಟ್ಟು ಇನ್ನೂ ಜಾಸ್ತಿ. ಸೊಂಟದ ಬೆಲ್ಟಿನ ನೆಲೆಗಳನ್ನು, ಅಂದರೆ ಬೆಲ್ಟಿನ ತುದಿ ಬಿಗಿಯುವ ಜಾಗಗಳನ್ನು, ಪರೀಕ್ಷಿಸುವ ಅಂತರರಾಷ್ಟ್ರೀಯ ನಿಯಮದಲ್ಲಿ ಎಳೆಯುವ ಬಲ ಸುಮಾರು 2,270 ಕಿಲೋ ಭಾರದಷ್ಟು ಇರುವುದು ಇದೇ ಕಾರಣಕ್ಕೆ.

ಹಾಗಾದರೆ ಬೆಲ್ಟನ್ನು ಎಲ್ಲಿಗೆ ಬಿಗಿಯಬೇಕು? ನೆಲಕ್ಕೆ. ಆದರೆ ನಿಮ್ಮದು ಮಲೆನಾಡಿನಲ್ಲಿ ಐವತ್ತು ಮಳೆಗಾಲ ಕಂಡ ನೆಲ. ಬೆಲ್ಟ್ ಕೊಳ್ಳಲು ಹೋಗುವ ಮೊದಲು ಒಂದು ಭಾನುವಾರ ಬಿಡುವು ಮಾಡಿಕೊಂಡು ಆ ನೆಲವನ್ನು ನೋಡಿ. ರಬ್ಬರ್ ಮ್ಯಾಟ್ ಕಿತ್ತು ಹೊರಗೆ ಹಾಕಿ. ಜೂನ್‌ನಲ್ಲಿ ಬೂಟುಗಳಿಂದ ಇಳಿದ ನೀರು ಅದರ ಅಡಿಯಲ್ಲಿ ದೀಪಾವಳಿಯವರೆಗೂ ಆರುವುದಿಲ್ಲ. ಬಣ್ಣ ಗುಳ್ಳೆ ಎದ್ದ ಕಡೆಯಲ್ಲೆಲ್ಲ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ. ಗಟ್ಟಿ ತಗಡಾದರೆ ತುದಿ ಜಾರುತ್ತದೆ. ತುಕ್ಕು ತಿಂದ ತಗಡಾದರೆ ಬಿಸ್ಕತ್ತಿನ ಹಾಗೆ ಕರಕರ ಎಂದು ತೂತಾಗಿ ಕೆಂಪು ಪುಡಿ ಉದುರುತ್ತದೆ. ಆಮೇಲೆ ಜೀಪಿನ ಅಡಿಗೆ ಹೋಗಿ ಮಲಗಿ. ನೆಲದ ತಗಡಿಗೆ ಬಲ ಕೊಡಲು ಅಡ್ಡಡ್ಡಲಾಗಿ ಕೂರಿಸಿದ ಚಾನೆಲ್‌ಗಳ ಒಳಗೆ ಮಣ್ಣು ಮೆತ್ತಿಕೊಂಡು ಗಟ್ಟಿಯಾಗಿರುತ್ತದೆ. ಅದನ್ನು ಕೆರೆದು ತೆಗೆದು ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಎಂದರೆ ಸರಿ, ದಬ್ ಎಂದರೆ ಅನುಮಾನಪಡಿ. ಜೊತೆಗೊಂದು ಮ್ಯಾಗ್ನೆಟ್ ಇಟ್ಟುಕೊಳ್ಳಿ. ಅದು ಅಂಟದ ಕಡೆ ಇರುವುದು ಪುಟ್ಟಿ ಮತ್ತು ಬಣ್ಣ. ಹಿಂದಿನ ಮಾಲೀಕರು ಬಣ್ಣ ಹೊಡೆಸಿ ಮಾರಿದ ಜೀಪುಗಳಲ್ಲಿ ಇದು ತೀರ ಸಾಮಾನ್ಯ. ನೆಲ ಹೋಗಿದ್ದರೆ ಹೊಸ ತಗಡು, ಹೊಸ ಚಾನೆಲ್ ಹಾಕಿಸುವುದು ಮೊದಲ ಕೆಲಸ. ಖರ್ಚಿನ ಬಹುಪಾಲು ಇದಕ್ಕೇ ಹೋದರೂ ಹೋಗಲಿ.

ಸಿಜೆ3ಬಿಯಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಟ್ಯಾಂಕನ್ನು ಪೂರ್ತಿ ಕಳಚಿ, ಶೆಡ್ಡಿನಿಂದ ದೂರ ಇಡದೆ ಅಲ್ಲಿ ಡ್ರಿಲ್ಲನ್ನಾಗಲಿ ವೆಲ್ಡಿಂಗ್ ರಾಡನ್ನಾಗಲಿ ಯಾರೂ ಮುಟ್ಟಕೂಡದು. “ಟ್ಯಾಂಕ್ ಖಾಲಿ ಇದೆ ಬಿಡಿ” ಎನ್ನುವವರ ಮಾತು ಕೇಳಬೇಡಿ. ಖಾಲಿ ಟ್ಯಾಂಕಿನಲ್ಲಿ ತುಂಬಿರುವ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಇನ್ನೊಂದು ವಿಷಯ: ಬೋಲ್ಟಿನ ಬಾಲ ಟ್ಯಾಂಕಿನ ಕಡೆಗೆ ಚಾಚಿಕೊಂಡಿರಬಾರದು. ತೋಟದ ದಾರಿಯಲ್ಲಿ ಕುಲುಕಿ ಕುಲುಕಿ ಅದು ಟ್ಯಾಂಕನ್ನೇ ತೂತು ಮಾಡುತ್ತದೆ. ಟ್ಯಾಂಕು ಕೂರುವ ಗುಂಡಿಯನ್ನು ದಾಟಿ ಹಿಂದೆ, ಅಡ್ಡ ಚಾನೆಲ್‌ಗೆ ಒತ್ತಾಗಿ ಜಾಗ ಹುಡುಕಿ.

ಬರೀ ತಗಡಿಗೆ ತೂತು ಕೊರೆದು ವಾಷರ್ ಹಾಕಿ ಬಿಗಿದರೆ ಪೆಟ್ಟು ಬಿದ್ದಾಗ ವಾಷರ್ ತಗಡನ್ನು ಹರಿದುಕೊಂಡು ಹೊರಗೆ ಬರುತ್ತದೆ. ನೆಲದ ಅಡಿಯಿಂದ ಕನಿಷ್ಠ 3 ಮಿಲಿಮೀಟರ್ ದಪ್ಪದ, 40 ಚದರ ಸೆಂಟಿಮೀಟರಿಗೆ ಕಡಿಮೆಯಿಲ್ಲದ ಉಕ್ಕಿನ ಪ್ಲೇಟ್ ಬೇಕು. ಮೋಟಾರ್ ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎ ರೇಸಿನ ಕಾರುಗಳಿಗೆ ಹೇಳುವ ಅಳತೆ ಅದು. ನಾನು ಜೀಪಿಗೆ ಅದರ ಎರಡರಷ್ಟು ಅಗಲ ಹಾಕುತ್ತೇನೆ, ಏಕೆಂದರೆ ನಮ್ಮ ತಗಡು ಹಳೆಯದು. ಪ್ಲೇಟಿನ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿಸಿ, ಚೂಪು ಮೂಲೆಯೇ ತಗಡನ್ನು ಸೀಳುವುದು. ಪ್ಲೇಟಿಗೂ ನೆಲಕ್ಕೂ ನಡುವೆ ಪ್ರೈಮರ್ ಹಚ್ಚಲು ಮರೆಯಬೇಡಿ.

ಬೋಲ್ಟ್ ವಿಷಯದಲ್ಲಿ ಜಿಪುಣತನ ಬೇಡ. ಬೆಲ್ಟುಗಳಿಗೆ ಜಗತ್ತಿನಾದ್ಯಂತ ಬಹುಪಾಲು ಬಳಸುವುದು ಏಳು ಹದಿನಾರಾಂಶ ಅಂಗುಲದ, ಅಂಗುಲಕ್ಕೆ 20 ಸುತ್ತಿನ ಸಣ್ಣ ಮರೆಯ (ಥ್ರೆಡ್ಡಿನ) ಗಟ್ಟಿ ಬೋಲ್ಟ್. ಒಳ್ಳೆಯ ಬೆಲ್ಟಿನ ಪೆಟ್ಟಿಗೆಯಲ್ಲೇ ಅದು ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಗೇಟಿನ ಬೋಲ್ಟನ್ನು ಅದರ ಬದಲಿಗೆ ಹಾಕಬೇಡಿ. ಅನಿವಾರ್ಯವಾದರೆ ತಲೆಯ ಮೇಲೆ 8.8 ಎಂದು ಕೆತ್ತಿರುವ 12 ಮಿಲಿಮೀಟರ್ ಬೋಲ್ಟನ್ನೇ ಕೇಳಿ ಪಡೆಯಿರಿ. ಗಟ್ಟಿ ಬೋಲ್ಟಿನ ತಲೆಗೆ ವೆಲ್ಡಿಂಗ್ ಮುಟ್ಟಿಸಿದರೆ ಆ ಶಾಖಕ್ಕೆ ಅದರ ಗಟ್ಟಿತನವೇ ಹೋಗುತ್ತದೆ. ಬಿಗಿದ ಮೇಲೂ ಬೆಲ್ಟಿನ ತುದಿಯ ಕಬ್ಬಿಣದ ಪಟ್ಟಿ ಅತ್ತಿತ್ತ ತಿರುಗುವಂತಿರಬೇಕು. ತಿರುಗದಿದ್ದರೆ ನಡುವೆ ಹಾಕುವ ಸಣ್ಣ ಬಳೆ, ಅಂದರೆ ಬುಷ್, ಬಿಟ್ಟುಹೋಗಿದೆ ಎಂದು ಅರ್ಥ.

ಸೊಂಟದ ಪಟ್ಟಿ ತೊಡೆಯ ಬುಡದಲ್ಲಿ, ಸೊಂಟದ ಮೂಳೆಯ ಮೇಲೆ ಕೂರಬೇಕು. ಹೊಟ್ಟೆಯ ಮೇಲೆ ಹಾದರೆ ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಅದಕ್ಕಾಗಿ ಪಟ್ಟಿ ನೆಲದಿಂದ ಮೇಲೆ ಬರುವ ಕೋನ 45ರಿಂದ 60 ಡಿಗ್ರಿ ಇರುವಂತೆ ನೆಲೆಯನ್ನು ಸೀಟಿನ ಹಿಂದೆ ಆರಿಸಿ. ಮಗುಚುವ ಸೀಟನ್ನೂ ಒಂದು ಚಿಲಕ ಹಾಕಿಸಿ ನೆಲಕ್ಕೆ ಭದ್ರ ಮಾಡಿ. ಇಲ್ಲವಾದರೆ ಬೆಲ್ಟ್ ಮನುಷ್ಯನನ್ನು ಹಿಡಿದಿರುವಾಗ ಸೀಟು ಹಿಂದಿನಿಂದ ಅವನ ಬೆನ್ನಿಗೆ ಗುದ್ದುತ್ತದೆ.

ಇನ್ನು ಹೆಗಲ ಪಟ್ಟಿ. ಸೊಂಟದ ಬೆಲ್ಟ್ ಒಂದೇ ಇದ್ದರೆ ನೀವು ಹೊರಗೆ ಬೀಳುವುದಿಲ್ಲ, ಆದರೆ ಎದೆ ಸ್ಟೀರಿಂಗಿಗೆ ಹೋಗಿ ಬಡಿಯುವುದು ತಪ್ಪುವುದಿಲ್ಲ. ನಿಮ್ಮ ಸ್ಟೀರಿಂಗ್ ಕಂಬವೂ ಹಳೆಯ ಕಾಲದ್ದು, ಗುದ್ದಿದರೆ ಮಡಿಸಿಕೊಳ್ಳುವುದಿಲ್ಲ. ಸ್ವೀಡನ್ನಿನ ವೋಲ್ವೋ ಕಂಪನಿಯ ನೀಲ್ಸ್ ಬೋಲಿನ್ 1959ರಲ್ಲಿ ಮೂರು ನೆಲೆಯ ಬೆಲ್ಟನ್ನು ತಂದದ್ದು ಈ ಕೊರತೆಯನ್ನು ನೀಗಿಸಲೆಂದೇ. ಜೀಪಿಗೆ ಅದನ್ನು ಹಾಕಲು ಇರುವ ತೊಡಕೆಂದರೆ ಮೇಲಿನ ತುದಿಗೆ ಜಾಗವಿಲ್ಲ. ಕಾರಿನಲ್ಲಿ ಬಾಗಿಲ ನಡುವಿನ ಕಂಬಕ್ಕೆ ಬಿಗಿಯುತ್ತಾರೆ, ಇಲ್ಲಿ ಕ್ಯಾನ್ವಾಸಿನ ಕಂಬಿಗಳು ಮಾತ್ರ ಇವೆ, ಅವು ಕೈಯಲ್ಲಿ ಜಗ್ಗಿದರೂ ಬಗ್ಗುತ್ತವೆ. ಕೆಲವರು ಹೆಗಲ ಪಟ್ಟಿಯನ್ನು ಬೆನ್ನ ಹಿಂದಿನಿಂದ ಇಳಿಸಿ ನೆಲಕ್ಕೆ ಕಟ್ಟುತ್ತಾರೆ. ಇದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ. ಜೀಪು ಗುದ್ದಿದಾಗ ಆ ಪಟ್ಟಿ ಹೆಗಲನ್ನು ಕೆಳಕ್ಕೆ ಒತ್ತಿ ಬೆನ್ನುಮೂಳೆಯನ್ನು ಅಮುಕುತ್ತದೆ. ಮೇಲಿನ ನೆಲೆ ಹೆಗಲಿನ ಎತ್ತರಕ್ಕಿಂತ ಕೆಳಗಿರಬಾರದು.

ಆದ್ದರಿಂದ ರೋಲ್ ಬಾರ್ ಬೇಕು. ಸೀಟುಗಳ ಹಿಂದೆ, ಕ್ಯಾನ್ವಾಸಿನ ಒಳಗೆ ಒಂದು ಕಮಾನು, ಅದಕ್ಕೆ ಹೆಗಲೆತ್ತರದಲ್ಲಿ ಒಂದು ಅಡ್ಡ ಪೈಪ್, ಹಿಂದಕ್ಕೆ ಎರಡು ಊರೆಗಳು, ಅಂದರೆ ಆಸರೆಯ ಪೈಪುಗಳು. ಪೈಪು ಉದ್ದಕ್ಕೂ ಬೆಸುಗೆಯ ಗೆರೆಯಿಲ್ಲದ (ಸೀಮ್‌ಲೆಸ್) ಉಕ್ಕಿನದು, 45 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ದಪ್ಪ. ನೀರಿನ ಜಿಐ ಪೈಪಿನಿಂದ ಮಾಡಿಕೊಡುತ್ತೇನೆ ಎನ್ನುವವರ ಅಂಗಡಿಯಿಂದ ಎದ್ದು ಬನ್ನಿ. ಪ್ರತಿ ಕಾಲಿನ ಕೆಳಗೂ 120 ಚದರ ಸೆಂಟಿಮೀಟರಿನ ಪ್ಲೇಟ್, ಅದಕ್ಕೆ ಎದುರಾಗಿ ನೆಲದ ಅಡಿಯಲ್ಲೂ ಒಂದು ಪ್ಲೇಟ್, ಕನಿಷ್ಠ ಮೂರು ಬೋಲ್ಟ್. ಬಾಡಿ ಚಾಸಿಸ್ ಮೇಲೆ ಕೂರುವ ರಬ್ಬರಿನ ಹತ್ತಿರಕ್ಕೆ ಈ ಕಾಲುಗಳು ಬಂದರೆ ಉತ್ತಮ. ಬೆಲ್ಟಿನ ಒಂದು ತುದಿ ಚಾಸಿಸ್‌ಗೆ, ಇನ್ನೊಂದು ಬಾಡಿಗೆ ಎಂದು ಹಂಚಬೇಡಿ. ಪೆಟ್ಟಿಗೆ ಬಾಡಿ ಜಾರಿದರೆ ಬೆಲ್ಟ್ ಕುಳಿತವರನ್ನೇ ಹಿಂಡುತ್ತದೆ. ತಲೆ ತಾಗುವ ಕಡೆ ಪೈಪಿಗೆ ಗಟ್ಟಿ ಫೋಮ್ ಸುತ್ತಿಸಿ.

ಇಷ್ಟೂ ಒಂದು ಗಂಟೆಯಲ್ಲಿ ಮುಗಿಯುವ ಕೆಲಸವಲ್ಲ. ಹಣ ಹೊಂದಿಸಿಕೊಂಡು ಎರಡು ಹಂತದಲ್ಲಿ ಮಾಡಿಸಿ: ಮೊದಲು ನೆಲ ಮತ್ತು ಸೊಂಟದ ಬೆಲ್ಟ್, ಮುಂದಿನ ಮಳೆಗಾಲದೊಳಗೆ ರೋಲ್ ಬಾರ್ ಮತ್ತು ಹೆಗಲ ಪಟ್ಟಿ.

ಪ್ರಶ್ನೆ: ತೆರೆದ ಜೀಪಿಗೆ ಬೆಲ್ಟ್ ಬೇಡ, ಪಲ್ಟಿ ಹೊಡೆಯುವಾಗ ಹಾರಿಕೊಂಡವರು ಬದುಕುತ್ತಾರೆ ಎಂದು ನಮ್ಮ ಕಡೆಯ ಹಿರಿಯ ಡ್ರೈವರ್‌ಗಳು ಹೇಳುತ್ತಾರೆ. ಬಾಗಿಲಿಗೆ ಅಡ್ಡ ಪಟ್ಟಿ ಇದ್ದರೆ ಸಾಲದೇ?
– ಜೀಪ್ ಚಾಲಕರು, ಮೂಡಿಗೆರೆ

ಉತ್ತರ: ಹಿರಿಯರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಕೆಸರಿನಲ್ಲಿ ಜೀಪು ಹತ್ತಿಸುವುದನ್ನು ಅವರಿಂದಲೇ ಕಲಿಯಬೇಕು. ಆದರೆ ಈ ಮಾತು ಜೀವ ತೆಗೆಯುವ ಮಾತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಬರೀ 80 ಅಂಗುಲ ಇರುವ, ಎತ್ತರದ, ಕಿರಿದಾದ ಗಾಡಿ ನಿಮ್ಮದು. ಅದು ವಾಲತೊಡಗಿದರೆ ನೀವು ಯೋಚಿಸಿ ಮುಗಿಸುವಷ್ಟರಲ್ಲಿ ಮಗುಚಿರುತ್ತದೆ. ಆ ಹೊತ್ತಿನಲ್ಲಿ ಯಾರೂ ಹಾರುವುದಿಲ್ಲ, ಎಸೆಯಲ್ಪಡುತ್ತಾರೆ. ಬೀಳುವುದೂ ಜೀಪು ವಾಲುತ್ತಿರುವ ಕಡೆಗೇ, ಮರುಕ್ಷಣ ಒಂದು ಟನ್ನಿಗೂ ಹೆಚ್ಚಿನ ಗಾಡಿ ಅವರ ಮೇಲೆ ಬರುತ್ತದೆ. ಹಾರಿ ಬದುಕಿದವರು ಕಥೆ ಹೇಳುತ್ತಾರೆ, ಗಾಡಿಯ ಅಡಿ ಸಿಕ್ಕವರ ಕಥೆಯನ್ನು ಹೇಳಲು ಯಾರೂ ಉಳಿಯುವುದಿಲ್ಲ.

ಹಿರಿಯರ ಭಯದಲ್ಲೂ ಒಂದು ಸತ್ಯವಿದೆ. ಮೇಲೆ ಕ್ಯಾನ್ವಾಸ್ ಮಾತ್ರ ಇರುವಾಗ ಬೆಲ್ಟಿನಲ್ಲಿ ಕುಳಿತವನ ತಲೆಗೆ ಆಸರೆಯಿಲ್ಲ. ಅದಕ್ಕೆ ಉತ್ತರ ರೋಲ್ ಬಾರ್. ಘಟ್ಟದ ದಾರಿಯಲ್ಲಿ ಬಾಡಿಗೆಗೆ ಓಡಿಸುವವರು ಎರಡನ್ನೂ ಒಟ್ಟಿಗೇ ಹಾಕಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬಾಗಿಲಿನ ಅಡ್ಡ ಪಟ್ಟಿ ಎರಡನೇ ಮಹಾಯುದ್ಧದ ಜೀಪುಗಳಲ್ಲೂ ಇತ್ತು. ಗುಂಡಿ ಹಾರಿದಾಗ ಪಕ್ಕಕ್ಕೆ ಜಾರದಂತೆ ತಡೆಯುವುದು ಅದರ ಕೆಲಸ, ಅಪಘಾತದಲ್ಲಿ ಅದು ಹಿಡಿಯುವುದಿಲ್ಲ.

ಪ್ರಶ್ನೆ: ಗುಜರಿಯಲ್ಲಿ ಕಾರಿನ ಬೆಲ್ಟುಗಳು ಅಗ್ಗಕ್ಕೆ ಸಿಗುತ್ತವೆ. ರೀಲು ಸಮೇತ ತಂದು ಜೀಪಿಗೆ ಹಾಕಬಹುದೇ?
– ಓದುಗರು, ಮಡಿಕೇರಿ

ಉತ್ತರ: ಗುಜರಿಗೆ ಬಂದ ಕಾರುಗಳಲ್ಲಿ ಎಷ್ಟೋ ಅಪಘಾತದಲ್ಲಿ ನುಜ್ಜಾದವು. ಒಮ್ಮೆ ಮನುಷ್ಯನ ಭಾರ ತಡೆದ ಬೆಲ್ಟ್ ಹಿಗ್ಗಿರುತ್ತದೆ, ಮತ್ತೊಮ್ಮೆ ಅದು ನಂಬಿಕೆಗೆ ಅರ್ಹವಲ್ಲ. ಪಟ್ಟಿಯನ್ನು ಪೂರ್ತಿ ಹೊರಗೆಳೆದು ಬೆಳಕಿಗೆ ಹಿಡಿದರೆ ಅಲೆಅಲೆಯಾಗಿ ಸುಕ್ಕುಗಟ್ಟಿರುವುದು ಕಾಣುತ್ತದೆ. ಹೆಗಲ ಪಟ್ಟಿ ಹಾದುಬರುವ ಬಳೆಯ ಪ್ಲಾಸ್ಟಿಕ್ ಕರಗಿ ಪಟ್ಟಿಗೆ ಮೆತ್ತಿಕೊಂಡಿದ್ದರೆ ಅದು ಖಚಿತ ಗುರುತು. ಇನ್ನೂ ದೊಡ್ಡ ಅಪಾಯವೆಂದರೆ ಹೊಸ ಕಾರುಗಳ ರೀಲಿನ ಪಕ್ಕದಲ್ಲಿ ಬೆಲ್ಟನ್ನು ಬಿಗಿಯಾಗಿ ಸೆಳೆಯಲು ಸಣ್ಣ ಸಿಡಿಮದ್ದು ಇರುತ್ತದೆ. ವೈರಿನ ಸಾಕೆಟ್ ಇರುವ ರೀಲನ್ನು ಬಿಚ್ಚಲೂ ಹೋಗಬೇಡಿ, ಮನೆಗೂ ತರಬೇಡಿ.

ಹೊಸದನ್ನೇ ಕೊಳ್ಳಿ. ಲೇಬಲ್ಲಿನಲ್ಲಿ ಐಎಸ್ 15140 ಎಂಬ ಭಾರತೀಯ ಮಾನಕದ ಸಂಖ್ಯೆ ಇದೆಯೇ ನೋಡಿ. ತೆರೆದ ಜೀಪಿನಲ್ಲಿ ಬೆಲ್ಟಿಗೆ ಇಬ್ಬರು ಶತ್ರುಗಳು, ಬಿಸಿಲು ಮತ್ತು ಕೆಸರು. ಬಿಸಿಲಿಗೆ ಪಟ್ಟಿ ಬಿಳಚಿಕೊಂಡು ಒರಟಾದರೆ, ಅಂಚಿನ ನೂಲು ಎದ್ದರೆ ಬದಲಿಸಿ. ಬೂಷ್ಟು ಹಿಡಿದರೆ ಸಾದಾ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಬ್ಲೀಚ್ ಮುಟ್ಟಿಸಬೇಡಿ. ರೀಲಿನೊಳಗೆ ಕೆಸರು ನೀರು ಹೋಗಿ ಕಚ್ಚಿಕೊಳ್ಳುವ ತೊಂದರೆ ತಪ್ಪಬೇಕೆಂದರೆ ಸೊಂಟಕ್ಕೆ ರೀಲಿಲ್ಲದ, ಕೈಯಲ್ಲಿ ಎಳೆದು ಬಿಗಿಯುವ ಬೆಲ್ಟೇ ಒಳ್ಳೆಯದು.

ಪ್ರಶ್ನೆ: ಕೊಡಚಾದ್ರಿಗೆ ಪ್ರವಾಸಿಗರನ್ನು ಕರೆದೊಯ್ಯುತ್ತೇನೆ. ರೋಲ್ ಬಾರಿಗೆ ರೀಲಿನ ಬೆಲ್ಟ್ ಹಾಕಿಸಿದ್ದೇನೆ. ಏರಿನಲ್ಲಿ ಅದು ಲಾಕ್ ಆಗಿ ಬರುವುದೇ ಇಲ್ಲ. ರೀಲು ಕೆಟ್ಟಿದೆಯೇ?
– ಚಾಲಕರು, ಕೊಲ್ಲೂರು

ಉತ್ತರ: ಬಹುಶಃ ಕೆಟ್ಟಿಲ್ಲ. ರೀಲಿನೊಳಗೆ ಒಂದು ಸಣ್ಣ ಗುಂಡು ಅಥವಾ ಲೋಲಕ ಇರುತ್ತದೆ. ಗಾಡಿ ತಟ್ಟನೆ ನಿಂತಾಗ ಅದು ಸರಿದು ರೀಲನ್ನು ಕಚ್ಚಿಸುತ್ತದೆ, ಗಾಡಿ ಹೆಚ್ಚು ವಾಲಿದರೂ ಹಾಗೆಯೇ. ಅಂತರರಾಷ್ಟ್ರೀಯ ನಿಯಮದಂತೆ ರೀಲು 12 ಡಿಗ್ರಿ ವಾಲುವವರೆಗೆ ಲಾಕ್ ಆಗಕೂಡದು, 27 ಡಿಗ್ರಿ ದಾಟಿದರೆ ಆಗಲೇಬೇಕು. ನಿಮ್ಮ ದಾರಿಯಲ್ಲಿ ಕಲ್ಲು ಹತ್ತುವಾಗ ಜೀಪು ಹಾಗೆ ವಾಲುವುದು ಸಹಜ.

ಆದರೂ ಒಂದು ಪರೀಕ್ಷೆ ಮಾಡಿ. ಸಮತಟ್ಟಾದ ಜಾಗದಲ್ಲಿ ಜೀಪು ನಿಲ್ಲಿಸಿ ಬೆಲ್ಟನ್ನು ನಿಧಾನವಾಗಿ ಎಳೆಯಿರಿ. ಅಲ್ಲಿಯೂ ತಡೆದರೆ ರೀಲನ್ನು ಓರೆಯಾಗಿ ಕೂರಿಸಿದ್ದಾರೆ. ರೋಲ್ ಬಾರಿನ ಊರೆ ಇಳಿಜಾರಾಗಿರುವುದರಿಂದ ಅದರ ಮೇಲೆ ನೇರವಾಗಿ ಬಿಗಿದ ರೀಲು ಅರ್ಧ ವಾಲಿಕೊಂಡೇ ಇರುತ್ತದೆ. ಒಂದು ಬ್ರಾಕೆಟ್ ಮಾಡಿಸಿ, ಅದನ್ನು ತಯಾರಕರು ಹೇಳಿದ ಕೋನಕ್ಕೆ, ಸಾಮಾನ್ಯವಾಗಿ ತೂಗುಗುಂಡಿನ ದಾರಕ್ಕೆ ನೇರವಾಗಿ ನಿಲ್ಲಿಸಿ. ಪ್ರವಾಸಿಗರಿಗೆ ಬೆಲ್ಟ್ ಹಾಕಿಸುವುದನ್ನು ಕೆಳಗೆ ಸಮತಟ್ಟಿನಲ್ಲೇ ಮುಗಿಸಿ. ಹಾಕಿಕೊಂಡ ಮೇಲೆ ಏರಿನಲ್ಲಿ ಲಾಕ್ ಆದರೆ ನಷ್ಟವೇನೂ ಇಲ್ಲ, ಇನ್ನೂ ಭದ್ರ. ಸಡಿಲ ಇರಲೆಂದು ಪಟ್ಟಿಗೆ ಬಟ್ಟೆ ಕ್ಲಿಪ್ ಸಿಕ್ಕಿಸುವ ಅಭ್ಯಾಸ ಮಾತ್ರ ಬೇಡವೇ ಬೇಡ.

ಪ್ರಶ್ನೆ: ನನ್ನ ಜೀಪು 1974ಕ್ಕೂ ಹಿಂದಿನದು. ಬೆಲ್ಟ್ ಇಲ್ಲದ್ದಕ್ಕೆ ದಂಡ ಹಾಕಬಹುದೇ? ಹಾಕಿಸಿದರೆ ಆರ್‌ಟಿಒ ಆಕ್ಷೇಪಿಸುತ್ತಾರೆಯೇ?
– ನಿವೃತ್ತ ಉಪನ್ಯಾಸಕರು, ಮಂಗಳೂರು

ಉತ್ತರ: ಮುಂದಿನ ಸೀಟುಗಳಿಗೆ ಬೆಲ್ಟ್ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ತಯಾರಕರ ಮೇಲೆ ಹೊಣೆ ಹೊರಿಸಿದ್ದು 1994ರಿಂದ. ಧರಿಸುವ ನಿಯಮವೂ ಹಾಗೆ ಬೆಲ್ಟ್ ಒದಗಿಸಿರುವ ವಾಹನಗಳ ಕುರಿತೇ ಹೇಳುತ್ತದೆ. ಆದರೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 194ಬಿ ಕಲಮಿನ ಮಾತುಗಳು ವಿಶಾಲವಾಗಿವೆ, ಬೆಲ್ಟ್ ಇಲ್ಲದ ಹಳೆಯ ಗಾಡಿಗೂ ಅದು ಅನ್ವಯಿಸುತ್ತದೆ ಎಂದು ಯಾರಾದರೂ ವಾದಿಸಬಹುದು. ಆದ್ದರಿಂದ ತಯಾರಾದ ವರ್ಷ ಕಾಣುವ ಆರ್‌ಸಿ ಜೊತೆಗಿರಲಿ. ಬೆಲ್ಟ್ ಹಾಕಿಸಿದ ಮೇಲಂತೂ ಪ್ರತಿ ಸಲವೂ ಧರಿಸಿ.

ವಾಹನದಲ್ಲಿ ಮಾರ್ಪಾಡು ಮಾಡುವುದನ್ನು ತಡೆಯುವ, ಅದೇ ಕಾಯ್ದೆಯ 52ನೇ ಕಲಮು ನೋಡುವುದು ಆರ್‌ಸಿಯಲ್ಲಿ ನಮೂದಾದ ವಿವರಗಳನ್ನು. ಬೆಲ್ಟಿನಿಂದ ಸೀಟುಗಳ ಸಂಖ್ಯೆ, ಎಂಜಿನ್, ಅಳತೆ ಯಾವುದೂ ಬದಲಾಗುವುದಿಲ್ಲ. ರೋಲ್ ಬಾರ್ ಹಾಕಿಸುವ ಮುನ್ನ ಮಾತ್ರ ಮೋಟಾರು ವಾಹನ ನಿರೀಕ್ಷಕರಿಗೆ ಚಿತ್ರ ತೋರಿಸಿ, ಲಿಖಿತ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಿರಿ. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ಆ ಕಾಗದ ನೆರವಿಗೆ ಬರುತ್ತದೆ.

ಪ್ರಶ್ನೆ: ಹಿಂದಿನ ಅಡ್ಡ ಸೀಟಿನಲ್ಲಿ ಮೂರು ವರ್ಷದ ಮೊಮ್ಮಗನನ್ನು ಕೂರಿಸಿಕೊಳ್ಳುತ್ತೇನೆ. ಅಲ್ಲಿಗೂ ಬೆಲ್ಟ್ ಹಾಕಿಸಬಹುದೇ?
– ಅಜ್ಜಿ, ತೀರ್ಥಹಳ್ಳಿ

ಉತ್ತರ: ಅಮ್ಮಾ, ಪಕ್ಕಕ್ಕೆ ಮುಖ ಮಾಡಿ ಕುಳಿತವರನ್ನು ಬೆಲ್ಟ್ ಸರಿಯಾಗಿ ಕಾಯಲಾರದು. ಗಾಡಿ ಗುದ್ದಿದಾಗ ಸೊಂಟ ನಿಲ್ಲುತ್ತದೆ, ಮೇಲಿನ ದೇಹ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ತೊಡೆಯ ಮೇಲೆ ಕೂರಿಸಿಕೊಂಡು ಒಂದೇ ಬೆಲ್ಟನ್ನು ಇಬ್ಬರಿಗೂ ಸುತ್ತುವುದಂತೂ ಕೂಡದು, ನಿಮ್ಮ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ಮಗುವಿನ ಸೀಟನ್ನು ಮುಂದಕ್ಕೆ ಮುಖ ಮಾಡಿದ ಸೀಟಿನಲ್ಲಿ, ಅದರ ತಯಾರಕರು ಹೇಳಿದ ಬೆಲ್ಟಿನಿಂದಲೇ ಕಟ್ಟಬೇಕು, ಹೆಚ್ಚಿನವಕ್ಕೆ ಮೂರು ನೆಲೆಯ ಬೆಲ್ಟ್ ಬೇಕು. ನಿಮ್ಮ ಜೀಪಿನಲ್ಲಿ ಆ ವ್ಯವಸ್ಥೆ ಆಗುವವರೆಗೆ ಪೇಟೆಗೆ ಹೋಗುವಾಗ ಮೊಮ್ಮಗನನ್ನು ಕಾರಿನಲ್ಲೋ ಬಸ್ಸಿನಲ್ಲೋ ಕರೆದೊಯ್ಯಿರಿ.